ಉಯಿಲಿನಲ್ಲಿ ಬರೆಯುವ ದಾನ

"ಉಳಿಕೆ ಹಣವನ್ನು ಧರ್ಮಕಾರ್ಯಗಳಿಗೆ ವಿನಿಯೋಗಿಸತಕ್ಕದ್ದು." ಹಾಸನ, ಚಿಕ್ಕಮಗಳೂರು ಸೀಮೆಯ ಉಯಿಲುಗಳ ಕೊನೆಯ ಪುಟದಲ್ಲಿ ಇಂಥದೊಂದು ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಮಕ್ಕಳ ಪಾಲನ್ನು ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ ಸಮೇತ ಬರೆಸಿದವರು ದಾನದ ಮಾತು ಬಂದಾಗ ಒಂದೇ ಸಾಲಿಗೆ ಮುಗಿಸಿಬಿಟ್ಟಿರುತ್ತಾರೆ. ಆ ಸಾಲು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಬರೀ ‘ಧರ್ಮಕ್ಕೆ’ ಎಂದು ಬರೆದಿಟ್ಟ ಕೊಡುಗೆ ಅಸ್ಪಷ್ಟ, ಆದ್ದರಿಂದ ಊರ್ಜಿತವಲ್ಲ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1899ರಲ್ಲೇ ತೀರ್ಪು ಕೊಟ್ಟಿದೆ. ಏನು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ಖಚಿತವಾಗದ ಬರವಣಿಗೆ ನಿಲ್ಲುವುದಿಲ್ಲವೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 89ನೇ ಕಲಮು ಹೇಳುತ್ತದೆ. ಸಾಲು ಬಿದ್ದುಹೋದರೆ ಆ ಹಣ ವಾರಸುದಾರರಿಗೇ ಸೇರುತ್ತದೆ. ದಾನ ಕೊಟ್ಟೆನೆಂಬ ನೆಮ್ಮದಿಯಲ್ಲಿ ಕಣ್ಣು ಮುಚ್ಚಿದವರ ಆಸೆ ಅಲ್ಲಿಗೆ ಮುಗಿಯಿತು.

ಇದೇ ನೆಲದಲ್ಲಿ ಹಿಂದೆ ದಾನವನ್ನು ಹೀಗೆ ಬರೆಯುತ್ತಿರಲಿಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಇಷ್ಟು ಹೊನ್ನನ್ನು ಇಟ್ಟಿದ್ದೇನೆ, ಅದರ ಬಡ್ಡಿಯಿಂದ ಗೊಮ್ಮಟನ ನಿತ್ಯಾಭಿಷೇಕಕ್ಕೆ ಇಷ್ಟು ಹಾಲು ನಡೆಯಬೇಕು ಎಂದು ಅಳತೆ ಸಮೇತ ಕೆತ್ತಿಸಿದ್ದಾರೆ. ಭೂಮಿ ಕೊಟ್ಟರೆ ನಾಲ್ಕು ದಿಕ್ಕಿನ ಎಲ್ಲೆ, ನಡೆಸಿಕೊಂಡು ಹೋಗಬೇಕಾದವರ ಹೆಸರು, ಕೊನೆಗೆ "ಸ್ವದತ್ತಾಂ ಪರದತ್ತಾಂ ವಾ" ಎಂಬ ಶಾಪವಾಕ್ಯ. ಶಾಪವಾಕ್ಯ ಈಗ ಬೇಕಿಲ್ಲ. ಮಿಕ್ಕದ್ದೆಲ್ಲ ಇವತ್ತಿನ ಉಯಿಲಿಗೂ ಬೇಕು. ಬದುಕಿದ್ದಾಗ ಕೊಟ್ಟ ದಾನದಲ್ಲಿ ಏನಾದರೂ ಗೊಂದಲವಾದರೆ ಕೊಟ್ಟವರನ್ನೇ ಕೇಳಬಹುದು. ಉಯಿಲನ್ನು ಓದುವ ಹೊತ್ತಿಗೆ ಕೇಳಲು ಅವರು ಇರುವುದಿಲ್ಲ. ಮುಂದೆ ಏಳಬಹುದಾದ ಪ್ರಶ್ನೆಗಳಿಗೆಲ್ಲ ಕಾಗದವೇ ಉತ್ತರ ಹೇಳಬೇಕು.

ಕೊಡುವುದು ನಿಮ್ಮದೇ?

ಮೊದಲ ಪ್ರಶ್ನೆ ಇದು. ನಮ್ಮ ಕಡೆ ಹೆಚ್ಚಿನ ತಕರಾರು ಹುಟ್ಟುವುದೂ ಇಲ್ಲೇ. ಪಹಣಿಯ 9ನೇ ಕಾಲಮ್ಮಿನಲ್ಲಿ ಹೆಸರಿದ್ದ ಮಾತ್ರಕ್ಕೆ ಅಷ್ಟೂ ಜಮೀನನ್ನು ಉಯಿಲಿನಲ್ಲಿ ಬರೆಯಲು ಬರುವುದಿಲ್ಲ. ಸ್ವಂತ ದುಡಿಮೆಯಿಂದ ಕೊಂಡದ್ದು ಸ್ವಯಾರ್ಜಿತ. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅಪ್ಪ, ಅಜ್ಜನ ಕಾಲದ ಪಾಲುಪಾರಿಕತ್ತಿನಲ್ಲಿ ಬಂದ ಪಿತ್ರಾರ್ಜಿತದಲ್ಲಿ ಹಿಂದೂ ಕುಟುಂಬದ ಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಂಥ ಆಸ್ತಿಯಲ್ಲಿ ಉಯಿಲು ಬರೆಯಬಹುದಾದದ್ದು ನಿಮ್ಮ ಪಾಲಿಗೆ ಮಾತ್ರ. ಅದೇ ಕಾಯ್ದೆಯ 30ನೇ ಕಲಮು ಆ ಅವಕಾಶ ಕೊಟ್ಟಿದೆ. ಇಡೀ ನಾಲ್ಕು ಎಕರೆ ತೋಟವನ್ನು ಶಾಲೆಗೆ ಬರೆದಿಟ್ಟು ಹೋದರೆ, ಮಗಳೊಬ್ಬಳು ತನ್ನ ಪಾಲು ಕೇಳಿ ದಾವೆ ಹೂಡಿದ ದಿನ ಶಾಲೆಗೆ ಸಿಗುವುದು ಏನು, ಎಷ್ಟು ವರ್ಷಕ್ಕೆ ಎಂದು ಯಾರೂ ಹೇಳಲಾರರು.

ಹೆಂಗಸರ ಆಸ್ತಿಯ ವಿಚಾರ ಇದಕ್ಕಿಂತ ಸರಳ. ಹಿಂದೂ ಮಹಿಳೆಯ ಸ್ವತ್ತು ಸಾಮಾನ್ಯವಾಗಿ ಅವಳ ಪೂರ್ಣ ಸ್ವತ್ತು, ಯಾರಿಗೂ ಬರೆಯಬಹುದು. ಮಕ್ಕಳಿಲ್ಲದ ವಿಧವೆಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಉಯಿಲಿಲ್ಲದೆ ಹೋದರೆ ಗಂಡನಿಂದ ಬಂದ ಆಸ್ತಿ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಕೊನೆಗಾಲದಲ್ಲಿ ನೋಡಿಕೊಂಡ ಆಸ್ಪತ್ರೆಗೋ ಆಶ್ರಮಕ್ಕೋ ಏನಾದರೂ ಸೇರಬೇಕೆಂದು ಮನಸ್ಸಿದ್ದರೆ ಅದನ್ನು ಬರೆದಿಡಲೇಬೇಕು, ಬಾಯಿಮಾತಿನಲ್ಲಿ ಹೇಳಿ ಹೋದರೆ ನಡೆಯದು.

ಮಲೆನಾಡಿನ ಕಡೆ ಇನ್ನೊಂದು ಎಚ್ಚರ. ಕೊಪ್ಪ, ಶೃಂಗೇರಿ ಕಡೆಯ ಕಾನು, ಸೊಪ್ಪಿನ ಬೆಟ್ಟ ತೋಟಕ್ಕೆ ಹೊಂದಿಕೊಂಡೇ ಇದ್ದು ತಲೆಮಾರುಗಳಿಂದ ಅನುಭವದಲ್ಲಿದ್ದರೂ ಅದು ನಿಮ್ಮ ಹಿಡುವಳಿಯಲ್ಲ. ಉಯಿಲಿನ ಷೆಡ್ಯೂಲಿನಲ್ಲಿ ಅದನ್ನು ಸೇರಿಸಿದರೆ ಕೊಡುಗೆ ಪಡೆದ ಸಂಸ್ಥೆಗೆ ತಲೆನೋವು ಕಟ್ಟಿಟ್ಟಂತೆ. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಸರ್ಕಾರದಿಂದ, ಬಂದದ್ದು, ಹೇಮಾವತಿ ಮುಳುಗಡೆಯವರಿಗೆಂದು ಮಂಜೂರಾದದ್ದು, ಇವುಗಳ ಮಂಜೂರಾತಿ ಆದೇಶವನ್ನು ತೆಗೆದು ಪರಭಾರೆಯ ಷರತ್ತನ್ನು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಮಾರಿ ಹಣವನ್ನು ಸಂಸ್ಥೆಗೆ ಕೊಡಿ ಎಂದು ಬರೆದರೆ, ಮಾರಾಟಕ್ಕೆ ಇಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದ ಮಾರಾಟ ಎಷ್ಟೋ ವರ್ಷದ ಮೇಲೂ ರದ್ದಾಗಬಹುದು.

ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ. ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಮೂರರಲ್ಲಿ ಒಂದು ಭಾಗದವರೆಗೆ ವಸೀಯತ್ ಬರೆಯಬಹುದು. ಅದಕ್ಕಿಂತ ಹೆಚ್ಚಾದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತ ಕುಟುಂಬಗಳ ಹಿರಿಯರಲ್ಲಿ ಧರ್ಮಕಾರ್ಯಕ್ಕೆ ಬರೆದ ಉಯಿಲು ಸಾವಿಗೆ ಹನ್ನೆರಡು ತಿಂಗಳು ಮುಂಚಿನದಾಗಿರಬೇಕು ಎಂಬ ನಂಬಿಕೆ ಇನ್ನೂ ಉಳಿದಿದೆ. ಅದು ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಮಾತು. ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರವೆಂದು 2003ರಲ್ಲಿ ತೆಗೆದುಹಾಕಿದೆ. ಚರ್ಚಿಗೋ ಅನಾಥಾಲಯಕ್ಕೋ ಬರೆಯಲು ಈಗ ಆ ಅಡ್ಡಿಯಿಲ್ಲ.

ಜಮೀನು ಕೊಡಬೇಕೇ, ಹಣವೇ?

ಈ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸಂಸ್ಥೆಗೆ ಆ ಜಾಗವೇ ಬೇಕಾಗಿದ್ದರೆ ಮಾತ್ರ ಜಮೀನು ಬರೆಯಿರಿ. ಶಾಲೆಯ ಪಕ್ಕದ ಅರ್ಧ ಎಕರೆ ಆಟದ ಮೈದಾನಕ್ಕೆ, ಆಸ್ಪತ್ರೆಗೆ ಅಂಟಿಕೊಂಡ ನಿವೇಶನ ವಾರ್ಡಿಗೆ, ಇವು ಸರಿ. ಮೂಡಿಗೆರೆಯ ಕಾಫಿ ತೋಟವನ್ನು ಹಾಸನದ ವೃದ್ಧಾಶ್ರಮಕ್ಕೆ ಬರೆದರೆ ಆಶ್ರಮದವರು ಏನು ಮಾಡಬೇಕು? ಆಳು, ಕಂಪನಿ ಗೊಬ್ಬರ, ನೆರಳಿನ ಮರ ಸವರುವುದು, ಕೊಯ್ಲು, ಒಣಗಿಸುವುದು, ಇದ್ಯಾವುದೂ ಅವರ ಕೆಲಸವಲ್ಲ. ತೋಟ ಒಂದು ವರ್ಷ ಯಜಮಾನನಿಲ್ಲದೆ ಬಿದ್ದಿದ್ದರೆ ಏನಾಗುತ್ತದೆಂದು ಬೆಳೆಗಾರರಿಗೆ ಹೇಳಬೇಕಿಲ್ಲ. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕದ ಹುಳು ಹೊರಬಂದು ಹಾರುವುದು ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಅದಕ್ಕೆ ಮುಂಚೆ ಬೋರರ್ ಹಿಡಿದ ಗಿಡಗಳನ್ನು ಹುಡುಕಿ ಕಿತ್ತು ಸುಡದಿದ್ದರೆ ಪಕ್ಕದ ಗಿಡಗಳಿಗೂ ಹತ್ತುತ್ತದೆ. ಅಡಿಕೆ ತೋಟಕ್ಕೆ ಮಳೆ ಹಿಡಿಯುವ ಮುಂಚೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆ ರೋಗ ಬರುತ್ತದೆ. ಖಾತೆ ಬದಲಾವಣೆಗೆ ಓಡಾಡುವಷ್ಟರಲ್ಲಿ ತೋಟದ ಬೆಲೆಯೇ ಇಳಿದಿರುತ್ತದೆ.

ಕಾನೂನಿನ ದಾರಿ ಮೊದಲಿಗಿಂತ ಸಡಿಲವಾಗಿದೆ ಎನ್ನುವುದು ನಿಜ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದರು. ಅದಕ್ಕೆ ಮುಂಚೆ ಟ್ರಸ್ಟು, ಸೊಸೈಟಿಗಳು ಕೃಷಿ ಜಮೀನು ಇಟ್ಟುಕೊಳ್ಳಲು 79ಬಿ ದೊಡ್ಡ ತಡೆಯಾಗಿತ್ತು. ಆ ತಡೆ ಹೋಯಿತೆಂದ ಮಾತ್ರಕ್ಕೆ ಸಂಸ್ಥೆಗೆ ತೋಟ ನಡೆಸಲು ಬಂತೆಂದೇನೂ ಅಲ್ಲ. ಆದ್ದರಿಂದ ತೋಟವನ್ನು ಮಾರಿ ಬಂದ ಹಣವನ್ನು ಕೊಡಬೇಕೆಂದು ನಿರ್ವಾಹಕರಿಗೆ, ಅಂದರೆ ಉಯಿಲನ್ನು ಜಾರಿಗೆ ತರುವ ಎಕ್ಸಿಕ್ಯೂಟರಿಗೆ, ಬರೆಯುವುದು ಉತ್ತಮ. ಮಾರುವವರೆಗೆ ತೋಟ ನಡೆಸಲು, ಬೆಳೆ ಮಾರಲು, ಆಳಿನ ಬಟವಾಡೆ ಕೊಡಲು, ಔಷಧಿ ಗೊಬ್ಬರಕ್ಕೆ ಖರ್ಚು ಮಾಡಲು ಅವರಿಗೆ ಅಧಿಕಾರ ಇದೆಯೆಂದು ಅದೇ ಪ್ಯಾರಾದಲ್ಲಿ ಬರೆದಿರಬೇಕು. ಇದನ್ನು ಬರೆಯದ ಉಯಿಲುಗಳೇ ಜಾಸ್ತಿ. ಅರಸೀಕೆರೆ, ಕಡೂರು ಕಡೆಯ ತೆಂಗಿನ ತೋಟಕ್ಕೂ ಇದೇ ಮಾತು, ಬೋರ್‌ವೆಲ್ಲಿನ ಕರೆಂಟು ಬಿಲ್ಲು ಸೇರಿಸಿ.

ಸಾಲ ಇದ್ದರೆ ಇನ್ನೂ ಜಾಗ್ರತೆ. ತೋಟದ ಮೇಲೆ ಬ್ಯಾಂಕಿನ ಅಡಮಾನವೋ ಸೊಸೈಟಿಯ ಬೆಳೆ ಸಾಲವೋ ಇದ್ದು, ಅದೇ ತೋಟವನ್ನು ಸಂಸ್ಥೆಗೆಂದು ಬರೆದರೆ ತೋಟದ ಜೊತೆ ಅದರ ಮೇಲಿನ ಸಾಲದ ಭಾರವೂ ಹೋಗುತ್ತದೆ. ಬೇರೆ ಹಣದಿಂದ ಸಾಲ ತೀರಿಸಿ ತೋಟವನ್ನು ಋಣಮುಕ್ತವಾಗಿ ಕೊಡಬೇಕೆಂಬುದು ನಿಮ್ಮ ಇಚ್ಛೆಯಾದರೆ ಅದನ್ನು ಸ್ಪಷ್ಟವಾಗಿ ಬರೆಯಬೇಕು.

ಜಮೀನನ್ನೇ ಕೊಡುವುದಾದರೆ ಒಂದು ಸರ್ವೆ ನಂಬರಿನ ತುಂಡನ್ನು ‘ಉತ್ತರದ ಕಡೆಯ 20 ಗುಂಟೆ’ ಎಂದು ಬರೆದು ಬಿಡಬೇಡಿ. ಪೋಡಿಯಾಗದ, ಅಂದರೆ ಅಳತೆಯಾಗಿ ಬೇರೆ ನಂಬರಾಗಿ ಒಡೆಯದ, ಜಂಟಿ ಖಾತೆಯಲ್ಲಿರುವ ಜಮೀನಿನಲ್ಲಿ ಉತ್ತರ ಯಾವುದು ಎಂಬುದೇ ಜಗಳಕ್ಕೆ ದಾರಿ. ಬದುಕಿರುವಾಗಲೇ ಸರ್ವೆ ಇಲಾಖೆಗೆ ಅರ್ಜಿ ಹಾಕಿ ಅಳತೆ ಮಾಡಿಸಿ, ಪೋಡಿ ಮುಗಿಸಿ, ನಕ್ಷೆಯನ್ನು ಉಯಿಲಿಗೆ ಲಗತ್ತಿಸಿ. ಹಳ್ಳಿಯ ಮನೆ, ನಿವೇಶನವಾದರೆ ಇ-ಸ್ವತ್ತಿನ ದಾಖಲೆ ನಿಮ್ಮ ಹೆಸರಿಗೆ ಆಗಿದೆಯೇ ನೋಡಿ. ಅಪ್ಪನ ಹೆಸರಿನಲ್ಲೇ ಉಳಿದ ಖಾತೆಯನ್ನು ಮಗ ಉಯಿಲಿನಲ್ಲಿ ದಾನ ಕೊಟ್ಟರೆ, ಸಂಸ್ಥೆಯವರು ಮೊದಲು ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ) ಮಾಡಿಸಿ, ಆಮೇಲೆ ಉಯಿಲಿನ ಖಾತೆಗೆ ಅರ್ಜಿ ಹಾಕಬೇಕು. ಎರಡು ತಲೆಮಾರಿನ ಕೆಲಸವನ್ನು ಹೊರಗಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎಷ್ಟು ಎಂದು ಬರೆಯುವ ಬಗೆ

ಮೂರು ಬಗೆಯಲ್ಲಿ ಬರೆಯಬಹುದು. ಇಂಥ ವಸ್ತು, ಇಂಥ ಠೇವಣಿ ಎಂದು ಹೆಸರಿಸುವುದು ಒಂದು. ಇಷ್ಟು ಲಕ್ಷ ಎಂದು ಮೊತ್ತ ಬರೆಯುವುದು ಇನ್ನೊಂದು. ಎಲ್ಲ ತೀರಿಸಿ ಉಳಿದದ್ದರಲ್ಲಿ ಶೇಕಡಾ ಇಷ್ಟು ಎನ್ನುವುದು ಮೂರನೆಯದು. ನನಗೆ ಮೂರನೆಯದೇ ಮೇಲು ಎನಿಸುತ್ತದೆ, ಕಾರಣ ಹೇಳುತ್ತೇನೆ.

ಹೆಸರಿಸಿದ ವಸ್ತು ಸಾಯುವ ದಿನ ನಿಮ್ಮ ಬಳಿ ಇಲ್ಲದಿದ್ದರೆ ಕೊಡುಗೆಯೂ ಇಲ್ಲ. ಬೇಲೂರು ರಸ್ತೆಯ ನಿವೇಶನವನ್ನು ಗ್ರಂಥಾಲಯಕ್ಕೆ ಬರೆದು, ಮೂರು ವರ್ಷದ ಮೇಲೆ ಮಗಳ ಮದುವೆಗೆಂದು ಅದನ್ನು ಮಾರಿದರೆ, ಮಾರಿದ ಹಣ ಬ್ಯಾಂಕಿನಲ್ಲೇ ಇದ್ದರೂ ಅದರಲ್ಲಿ ಗ್ರಂಥಾಲಯಕ್ಕೆ ಹಕ್ಕು ಹುಟ್ಟುವುದಿಲ್ಲ. ಠೇವಣಿ ರಸೀದಿಯ ಸಂಖ್ಯೆ ಹಾಕಿ ಬರೆದರೂ ಇದೇ ಅಪಾಯ. ಅವಧಿ ಮುಗಿದು, ಹಣ ತೆಗೆದು ಬೇರೆ ಕಡೆ ಇಟ್ಟರೆ ಆ ರಸೀದಿ ಇರುವುದಿಲ್ಲ.

ಮೊತ್ತ ಬರೆದರೆ ಕೊಡುವ ಹೊತ್ತಿಗೆ ಅಷ್ಟು ಹಣವಿಲ್ಲದೆ ಕೊರತೆಯಾಗಲೂಬಹುದು. ಮನೆ ಮಗನಿಗೆ, ತೋಟ ಮಗಳಿಗೆ ಎಂದು ಹೆಸರಿಸಿ, ಉಳಿದ ಹಣದಲ್ಲಿ ಒಂದು ಶಾಲೆಗೆ 6 ಲಕ್ಷ, ಒಂದು ಆಸ್ಪತ್ರೆಗೆ 4 ಲಕ್ಷ ಎಂದು ಬರೆದಿದ್ದೀರಿ ಎನ್ನೋಣ. ಕೊನೆಯ ವರ್ಷದ ಐಸಿಯು ಬಿಲ್ಲು, ಸಾಲ, ಅಂತ್ಯಕ್ರಿಯೆ ಎಲ್ಲ ಕಳೆದು ಖಾತೆಯಲ್ಲಿ 5 ಲಕ್ಷ ಉಳಿದರೆ ಎರಡೂ ಒಂದೇ ಪ್ರಮಾಣದಲ್ಲಿ ಇಳಿದು ಶಾಲೆಗೆ 3, ಆಸ್ಪತ್ರೆಗೆ 2 ಲಕ್ಷ ಬರುತ್ತದೆ. ಆಸ್ತಿ ಬೆಳೆದರೂ ಮೊತ್ತ ಬೆಳೆಯುವುದಿಲ್ಲ. ಹದಿನೈದು ವರ್ಷದ ಹಿಂದೆ ದೊಡ್ಡದಾಗಿ ಕಂಡ 50 ಸಾವಿರಕ್ಕೆ ಇವತ್ತು ಒಂದು ಕೊಠಡಿಯ ನೆಲ ಹಾಕಿಸಲೂ ಆಗದು. ಶೇಕಡಾವಾರಿಗೆ ಈ ತೊಂದರೆಗಳಿಲ್ಲ. ಆಸ್ತಿ ಏರಿದರೆ ದಾನವೂ ಏರುತ್ತದೆ, ಇಳಿದರೆ ಮಕ್ಕಳ ಜೊತೆಗೇ ಇಳಿಯುತ್ತದೆ. ಹಾಗೆ ಇಳಿದರೆ ಮಕ್ಕಳಿಗೂ ಅನ್ಯಾಯವಾಯಿತೆಂದು ಅನಿಸುವುದಿಲ್ಲ.

ನಾಮಿನಿ ಹಾಕಿಬಿಟ್ಟರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಬ್ಯಾಂಕ್ ಠೇವಣಿಗೆ ವ್ಯಕ್ತಿಗಳನ್ನು ಮಾತ್ರ ನಾಮಿನಿ ಮಾಡಬಹುದು, ಸಂಸ್ಥೆಯನ್ನು ಮಾಡಲಾಗದು. 2025ರ ನವೆಂಬರಿನಿಂದ ನಾಲ್ವರು ನಾಮಿನಿಗಳಿಗೆ ಅವಕಾಶ ಬಂದಿದೆ, ಆದರೂ ನಾಮಿನಿ ಹಣವನ್ನು ಪಡೆದುಕೊಳ್ಳುವವನೇ ಹೊರತು ಮಾಲೀಕನಲ್ಲ. ಷೇರುಗಳ ವಿಚಾರದಲ್ಲೂ 2023ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಅಂದರೆ ಮಗ ನಾಮಿನಿಯಾಗಿದ್ದು ಉಯಿಲಿನಲ್ಲಿ ಆ ಹಣ ಶಾಲೆಗೆಂದಿದ್ದರೆ ಮಗ ತೆಗೆದುಕೊಂಡು ಶಾಲೆಗೆ ಕೊಡಬೇಕು. ಕೊಡುವನೇ ಎಂಬುದು ಬೇರೆ ಮಾತು. ಅದಕ್ಕಾಗಿ ನಿರ್ವಾಹಕರನ್ನೇ ನಾಮಿನಿ ಮಾಡುವುದುಂಟು. ಜೀವವಿಮೆ ಮಾತ್ರ ಬೇರೆ. ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ ವಿಮಾ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಆ ಹಣ ಅವರಿಗೇ ಸೇರಬೇಕಾದದ್ದು. ವಿಮೆಯ ಹಣವನ್ನು ದಾನದ ಲೆಕ್ಕಕ್ಕೆ ಹಿಡಿಯಬೇಡಿ.

ಯಾರಿಗೆ ಎಂದು ಬರೆಯುವ ಬಗೆ

ಊರಿನ ಜನ ಕರೆಯುವ ಹೆಸರು ಬೇರೆ, ನೋಂದಣಿಯಾದ ಹೆಸರು ಬೇರೆ. ‘ಬಸ್‌ಸ್ಟ್ಯಾಂಡ್ ಹತ್ತಿರದ ಅನಾಥಾಶ್ರಮ’ ನಡೆಸುವ ಟ್ರಸ್ಟು ಬೆಂಗಳೂರಿನಲ್ಲಿ ಬೇರೆಯೇ ಹೆಸರಿನಲ್ಲಿ ನೋಂದಣಿಯಾಗಿರಬಹುದು. ಸಂಸ್ಥೆಗೆ ಹೋಗಿ ನಾಲ್ಕು ಕಾಗದ ಕೇಳಿ: ಟ್ರಸ್ಟ್ ಡೀಡು ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆಯಡಿಯ ಪ್ರಮಾಣಪತ್ರ, ಪ್ಯಾನ್, ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯೆಂದು ಆದ ನೋಂದಣಿ (12ಎ ಎಂದು ರೂಢಿ), ಕಳೆದ ಎರಡು ಮೂರು ವರ್ಷದ ಆಡಿಟ್ ವರದಿ. ಒಳ್ಳೆಯ ಸಂಸ್ಥೆ ಇವನ್ನು ಸಂಕೋಚವಿಲ್ಲದೆ ಕೊಡುತ್ತದೆ. ಕೇಳಿದ್ದಕ್ಕೆ ಮುನಿಸಿಕೊಂಡರೆ ಬೇರೆ ಸಂಸ್ಥೆ ನೋಡಿ.

ಸರ್ಕಾರಿ ಶಾಲೆಗೆ ಕೊಡುವುದಾದರೆ ಶಾಲೆಯ ಹೆಸರಿನ ಜೊತೆ ಅದರ ಗುರುತಿನ ಸಂಖ್ಯೆಯಾದ ಯು-ಡೈಸ್ ಸಂಖ್ಯೆ ಹಾಕಿ, ಶಾಲಾ ಶಿಕ್ಷಣ ಇಲಾಖೆಗೆ ಈ ಶಾಲೆಯ ಉಪಯೋಗಕ್ಕಾಗಿ ಎಂದು ಬರೆಯಿರಿ. ಆಸ್ತಿ ಹಿಡಿಯುವುದು ಸರ್ಕಾರ, ಶಾಲೆಯ ಮುಖ್ಯೋಪಾಧ್ಯಾಯರಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಮಾತಾಡಿದರೆ ಯಾವ ಪದ ಬಳಸಬೇಕೆಂದು ತಿಳಿಯುತ್ತದೆ. ದೇವಸ್ಥಾನಕ್ಕಾದರೆ ಅದು ಮುಜರಾಯಿಗೆ ಸೇರಿದ್ದೋ ಖಾಸಗಿಯೋ ನೋಡಿ. ಮುಜರಾಯಿಯದ್ದಾದರೆ ದೇವರ ಹೆಸರಿಗೆ ಬರೆಯಿರಿ, ಅರ್ಚಕರ ಅಥವಾ ಸಮಿತಿ ಅಧ್ಯಕ್ಷರ ಹೆಸರಿಗೆ ಬರೆಯಬೇಡಿ. ವ್ಯಕ್ತಿಯ ಹೆಸರಿಗೆ ಬರೆದದ್ದು ಆ ವ್ಯಕ್ತಿಯದೇ ಆಗಿಬಿಡುತ್ತದೆ.

ಷರತ್ತು ಹಾಕುವಾಗ ಕೈ ಹಿಡಿತದಲ್ಲಿರಲಿ. ‘ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತಕ್ಕೆ ಅತಿ ಹೆಚ್ಚು ಅಂಕ ಪಡೆದ ನಮ್ಮೂರಿನ ವಿದ್ಯಾರ್ಥಿಗೆ’ ಎಂದು ಬರೆದರೆ, ಆ ಶಾಲೆಯಲ್ಲಿ ಸಂಸ್ಕೃತವೇ ನಿಂತುಹೋದ ವರ್ಷದಿಂದ ಹಣ ಕೊಳೆಯುತ್ತದೆ. ಉದ್ದೇಶವನ್ನು ಅಗಲವಾಗಿ ಹೇಳಿ, ಇಷ್ಟವನ್ನು ಕೋರಿಕೆಯಾಗಿ ಬರೆಯಬಹುದು: ‘ಶಾಲೆಯ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ, ಸಾಧ್ಯವಿದ್ದಷ್ಟು ಕಾಲ ಸಂಸ್ಕೃತ ಓದುವವರಿಗೆ ಮೊದಲ ಆದ್ಯತೆ.’

ದತ್ತಿನಿಧಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. 5 ಲಕ್ಷಕ್ಕೆ ವರ್ಷಕ್ಕೆ ಶೇ. 6.5ರಂತೆ 32,500 ರೂಪಾಯಿ ಬಡ್ಡಿ. ಅಷ್ಟನ್ನೂ ಪ್ರತಿವರ್ಷ ಹಂಚಿದರೆ ಮೂಲಧನ ಹಾಗೇ ಇರುತ್ತದೆ, ಅದರ ಬೆಲೆ ಇಳಿಯುತ್ತದೆ. ಬೆಲೆಯೇರಿಕೆ ಶೇ. 6 ಇದ್ದರೆ ಸುಮಾರು ಹನ್ನೆರಡು ವರ್ಷಕ್ಕೆ ಅರ್ಧ. ಬಡ್ಡಿಯ ಮೂರನೇ ಒಂದು ಭಾಗವನ್ನಾದರೂ ಮೂಲಕ್ಕೆ ಸೇರಿಸಬೇಕೆಂದು ಬರೆದರೆ ನಿಧಿ ಇನ್ನಷ್ಟು ಕಾಲ ಉಸಿರಾಡುತ್ತದೆ. ಮೂಲಧನವನ್ನು ಮುಟ್ಟಬಾರದೆಂಬ ಉದ್ದೇಶವಿದ್ದರೆ ‘ಕಾರ್ಪಸ್ ನಿಧಿಗೆ’ ಎಂಬ ಮಾತು ಉಯಿಲಿನಲ್ಲೇ ಇರಬೇಕು. ಸಂಸ್ಥೆಯ ತೆರಿಗೆ ಲೆಕ್ಕಕ್ಕೂ ಆ ಮಾತು ಬೇಕಾಗುತ್ತದೆ. ಸಣ್ಣ ಮೊತ್ತವಾದರೆ ಶಾಶ್ವತ ನಿಧಿಯ ಆಸೆ ಬಿಟ್ಟು, ಐದು ವರ್ಷದಲ್ಲಿ ಖರ್ಚು ಮಾಡಿ ಮುಗಿಸಿ ಎನ್ನುವುದೇ ಹೆಚ್ಚು ಉಪಕಾರ.

ಉಳಿಕೆಯ ಶೇಕಡಾವಾರು ಕೊಡುಗೆಗೆ ಒಂದು ಮಾದರಿ ಹೀಗಿರಬಹುದು:

‘ನನ್ನ ಸಾಲ, ಅಂತ್ಯಕ್ರಿಯೆಯ ಖರ್ಚು, ಈ ಉಯಿಲಿನ ಜಾರಿಯ ಖರ್ಚು ಹಾಗೂ ಮೇಲೆ ಹೇಳಿದ ನಿರ್ದಿಷ್ಟ ಕೊಡುಗೆಗಳನ್ನು ತೀರಿಸಿ ಉಳಿಯುವ ನನ್ನ ಎಲ್ಲ ಚರ, ಸ್ಥಿರ ಸ್ವತ್ತನ್ನು ನಿರ್ವಾಹಕರು ಮಾರಾಟ ಮಾಡಿ, ನಿವ್ವಳ ಹಣದಲ್ಲಿ ಶೇ. 20ರಷ್ಟನ್ನು (ನೋಂದಾಯಿತ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಪ್ಯಾನ್) ಸಂಸ್ಥೆಗೆ (ಉದ್ದೇಶ) ಸಲುವಾಗಿ ಕೊಡತಕ್ಕದ್ದು. ನನ್ನ ಮರಣಕಾಲಕ್ಕೆ ಆ ಸಂಸ್ಥೆ ಮುಚ್ಚಿದ್ದರೆ, ಬೇರೊಂದರಲ್ಲಿ ವಿಲೀನವಾಗಿದ್ದರೆ ಅಥವಾ ಹೆಸರು ಬದಲಾಗಿದ್ದರೆ, ಅದರ ಉತ್ತರಾಧಿಕಾರಿ ಸಂಸ್ಥೆಗೆ. ಅಂಥದು ಇಲ್ಲವಾದರೆ ಇದೇ ಜಿಲ್ಲೆಯಲ್ಲಿ ಇದೇ ಉದ್ದೇಶಕ್ಕೆ ದುಡಿಯುವ, ನಿರ್ವಾಹಕರು ಆಯ್ದ ನೋಂದಾಯಿತ ಸಂಸ್ಥೆಗೆ ಕೊಡತಕ್ಕದ್ದು. ಸಂಸ್ಥೆಯ ಅಧಿಕೃತ ಪದಾಧಿಕಾರಿಯ ರಸೀದಿಯೇ ನಿರ್ವಾಹಕರಿಗೆ ಸಾಕಾದ ಬಿಡುಗಡೆ.’

ಬರೆಯುವುದು, ಸಹಿ, ಸಾಕ್ಷಿ

ಉಯಿಲಿಗೆ ಸ್ಟಾಂಪ್ ಕಾಗದ ಬೇಕಿಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಕೈಯಿಂದ ಬರೆದರೂ ನಡೆಯುತ್ತದೆ. ಪ್ರತಿ ಪುಟಕ್ಕೂ ಸಹಿ, ಕೊನೆಯಲ್ಲಿ ತಾರೀಖು, ಊರು. ತಿದ್ದಿದ ಕಡೆಯೆಲ್ಲ ನೀವೂ ಸಾಕ್ಷಿಗಳೂ ಸಹಿ ಹಾಕಬೇಕು. ಸಹಿಯಾದ ಮೇಲೆ ಬರೀ ನೀವೊಬ್ಬರೇ ಮಾಡಿದ ತಿದ್ದುಪಡಿ ನಿಲ್ಲುವುದಿಲ್ಲ. ಹೆಬ್ಬೆಟ್ಟು ಒತ್ತುವವರಾದರೆ ಓದಿ ಹೇಳಿ ಅರ್ಥಮಾಡಿಸಿದ್ದೇವೆಂದು ಒಂದು ಸಾಲು ಇರಲಿ.

ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಮಾಡಿದ್ದನ್ನು ಅವರು ನೋಡಿರಬೇಕು ಇಲ್ಲವೇ ಇದು ನನ್ನದೇ ಸಹಿ ಎಂದು ನಿಮ್ಮ ಬಾಯಿಂದ ಕೇಳಿರಬೇಕು, ಮತ್ತು ನಿಮ್ಮ ಎದುರಿಗೇ ಸಹಿ ಹಾಕಬೇಕು. ಕಾಗದವನ್ನು ಆಮೇಲೆ ಅವರ ಮನೆಗೆ ಕಳಿಸಿ ಸಹಿ ಹಾಕಿಸಿಕೊಂಡ ಉಯಿಲು ಕೋರ್ಟಿನ ಪಾಟೀಸವಾಲಿನಲ್ಲಿ ಬೀಳುತ್ತದೆ. ಕೆಳಗೆ ಬಿಕ್ಕಲಂ ಎಂದು ಬರೆದು ಸಹಿ ಹಾಕುವ ಪತ್ರ ಬರಹಗಾರರನ್ನು ಎರಡನೇ ಸಾಕ್ಷಿ ಎಂದು ಎಣಿಸಬೇಡಿ. ಬರೆದವರ ಸಹಿ ಅಷ್ಟರಿಂದಲೇ ಸಾಕ್ಷಿಯ ಸಹಿಯಾಗದು. ನಿಮಗಿಂತ ವಯಸ್ಸಿನಲ್ಲಿ ಚಿಕ್ಕವರು, ಊರಲ್ಲೇ ಇರುವವರು, ಉಯಿಲಿನಿಂದ ಏನೂ ಪಡೆಯದವರು ಸಾಕ್ಷಿಗಳಾಗಲಿ. ಮುಂದೆ ತಕರಾರಾದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಎಂಬತ್ತು ದಾಟಿದ ಗೆಳೆಯರಿಬ್ಬರ ಸಹಿಯಿದ್ದರೆ, ಆ ಹೊತ್ತಿಗೆ ಅವರ ಕೈಬರಹ ಗುರುತಿಸುವವರನ್ನು ಹುಡುಕಬೇಕಾದೀತು.

ಕೊಡುಗೆ ಪಡೆಯುವ ಸಂಸ್ಥೆಯವರಿಗೂ ಒಂದು ಮಾತು. ಉಯಿಲು ಬರೆಸುವಲ್ಲಿ, ವಕೀಲರನ್ನು ಗೊತ್ತುಮಾಡುವಲ್ಲಿ, ಹಿರಿಯರನ್ನು ನಿಮ್ಮ ಕಾರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವಲ್ಲಿ ಕೈ ಹಾಕಬೇಡಿ. ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ ತೀರ್ಪು 1959ರಿಂದ ಇಂದಿನವರೆಗೂ ಉಯಿಲಿನ ದಾವೆಗಳಲ್ಲಿ ಉದ್ಧೃತವಾಗುತ್ತಿದೆ. ಅಲುಗಾಡುವ ಸಹಿ, ಬರೆದವರ ದುರ್ಬಲ ಮನಸ್ಥಿತಿ, ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದು, ಇಂಥ ಅನುಮಾನಗಳಿದ್ದರೆ ಅವನ್ನು ಪರಿಹರಿಸುವ ಹೊಣೆ ಉಯಿಲನ್ನು ಮುಂದಿಡುವವರದ್ದೇ ಎಂಬುದು ಅದರ ಸಾರ. ಎಪ್ಪತ್ತೈದು ದಾಟಿದವರು, ಕಾಯಿಲೆಯಲ್ಲಿರುವವರು ಸಹಿ ಮಾಡುವ ದಿನವೇ ವೈದ್ಯರಿಂದ ಮಾನಸಿಕ ಸ್ವಾಸ್ಥ್ಯದ ಪತ್ರ ಪಡೆದು ಲಗತ್ತಿಸುವುದು ಲೇಸು. ಮಕ್ಕಳಿಗೆ ಕಡಿಮೆ ಕೊಟ್ಟಿದ್ದರೆ ಏಕೆಂದು ಎರಡು ಸಾಲು ಬರೆಯಿರಿ, ಕಹಿಯಿಲ್ಲದೆ. ಅವಲಂಬಿತರಾದ ಹೆಂಡತಿ, ಅಂಗವಿಕಲ ಮಗ ಇಂಥವರ ಜೀವನಾಂಶಕ್ಕೆ ಮೊದಲು ಏರ್ಪಾಡು ಮಾಡಿ ಆಮೇಲೆ ದಾನ ಬರೆಯಬೇಕು. ಕಾನೂನೂ ಅವರ ಪರ ನಿಲ್ಲುತ್ತದೆ, ಮನಸ್ಸಾಕ್ಷಿಯೂ.

ನೋಂದಣಿ ಕಡ್ಡಾಯವಲ್ಲ, ಆದರೆ ದಾನದ ಉಯಿಲಿಗೆ ಮಾಡಿಸಲೇಬೇಕೆನ್ನುತ್ತೇನೆ. ಶುಲ್ಕ ಅಲ್ಪ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಮಯ ಗೊತ್ತುಮಾಡಿಕೊಂಡು ಸಾಕ್ಷಿಗಳೊಂದಿಗೆ ಗುರುತಿನ ಚೀಟಿ ತೆಗೆದುಕೊಂಡು ಹೋದರೆ ಆಯಿತು. ಹಾಸಿಗೆ ಹಿಡಿದವರ ಮನೆಗೇ ಬಂದು ನೋಂದಾಯಿಸಲು ನೋಂದಣಿ ಕಾಯ್ದೆಯ 31ನೇ ಕಲಮಿನಲ್ಲಿ ಅವಕಾಶವಿದೆ, ಕಾರಣ ತೋರಿಸಿ ಅರ್ಜಿ ಕೊಡಬೇಕು. ಯಾರಿಗೂ ಒಳಗಿನ ವಿಷಯ ತಿಳಿಯಬಾರದೆಂದಿದ್ದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಠೇವಣಿ ಇಡಬಹುದು. ನೋಂದಾಯಿತ ಉಯಿಲು 3ನೇ ಪುಸ್ತಕಕ್ಕೆ ಸೇರುತ್ತದೆ, ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, ಕಾಣುವುದಿಲ್ಲ. ಹೀಗಾಗಿ ಉಯಿಲಿದ್ದರೂ ಸಂಸ್ಥೆಗೆ ಸುದ್ದಿಯೇ ಮುಟ್ಟದೆ, ವಾರಸುದಾರರು ಪೌತಿ ಖಾತೆ ಮಾಡಿಸಿಕೊಂಡು ಮಾರಿಬಿಡಬಹುದು. ಸಂಸ್ಥೆಗೆ ಸಂಬಂಧಪಟ್ಟ ಪ್ಯಾರಾದ ಪ್ರತಿ, ಉಯಿಲಿನ ನೋಂದಣಿ ಸಂಖ್ಯೆ, ನಿರ್ವಾಹಕರ ಫೋನ್ ನಂಬರು, ಇಷ್ಟನ್ನು ಒಂದು ಪತ್ರದಲ್ಲಿ ಸಂಸ್ಥೆಗೆ ಕೊಟ್ಟಿಡಿ. ಮೂಲಪ್ರತಿಯನ್ನು ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ; ಲಾಕರು ತೆಗೆಯಲು ಕಾಗದಪತ್ರ ಬೇಕು, ಆ ಕಾಗದ ಲಾಕರಿನೊಳಗೇ ಇರುತ್ತದೆ.

ನಿರ್ವಾಹಕರನ್ನು ಹೆಸರಿಸದ ಉಯಿಲಿನಲ್ಲಿ ದಾನದ ಭಾಗವೇ ಮೊದಲು ಸೊರಗುತ್ತದೆ, ಏಕೆಂದರೆ ಮಕ್ಕಳ ಪಾಲನ್ನು ಮಕ್ಕಳು ಕೇಳಿ ಪಡೆಯುತ್ತಾರೆ, ಶಾಲೆಯ ಪಾಲಿಗೆ ಓಡಾಡುವವರಿಲ್ಲ. ಇಬ್ಬರನ್ನು ಹೆಸರಿಸಿ, ಮನೆಯವರೊಬ್ಬರು, ಹೊರಗಿನವರೊಬ್ಬರು. ಅವರಲ್ಲಿ ಒಬ್ಬರು ಇಲ್ಲವಾದರೆ ಬದಲಿಗೆ ಇನ್ನೊಬ್ಬರು. ಅವರ ಒಪ್ಪಿಗೆ ಮೊದಲೇ ಕೇಳಿ. ನಮ್ಮ ಜಿಲ್ಲೆಗಳಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂಬ ಕೋರ್ಟಿನ ಪ್ರಮಾಣ, ಕಡ್ಡಾಯವಲ್ಲ, ಆದರೂ ದೊಡ್ಡ ಮೊತ್ತವಾದರೆ ಬ್ಯಾಂಕು ಅಥವಾ ಜಮೀನು ಕೊಳ್ಳುವವರು ಕೇಳುವುದುಂಟು. ಆಗ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ, ಮೌಲ್ಯದ ಮೇಲೆ ಕೋರ್ಟ್ ಶುಲ್ಕ. ಪ್ರೊಬೇಟ್ ಸಿಗುವುದು ಉಯಿಲಿನಲ್ಲಿ ನೇಮಕವಾದ ನಿರ್ವಾಹಕರಿಗೆ ಮಾತ್ರ. ಸಾವಿನಿಂದ ಒಂದು ವರ್ಷದವರೆಗೆ ಕೊಡುಗೆಗಳನ್ನು ಹಂಚಲೇಬೇಕೆಂಬ ಒತ್ತಾಯ ನಿರ್ವಾಹಕರ ಮೇಲಿಲ್ಲ, ಅಷ್ಟರೊಳಗೆ ಸಾಲ, ತೆರಿಗೆ ತೀರಿಸಿಕೊಳ್ಳಬೇಕು. ಜಮೀನಿನ ಖಾತೆಗೆ ಉಯಿಲು, ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟಾಗ ಆಕ್ಷೇಪಣೆ ಕೇಳುವ ನೋಟಿಸು ಹೊರಡುತ್ತದೆ. ಉಯಿಲೇ ಸುಳ್ಳೆಂದು ಯಾರಾದರೂ ತಕರಾರು ತೆಗೆದರೆ ಅದನ್ನು ಕೊನೆಯದಾಗಿ ತೀರ್ಮಾನಿಸುವುದು ಸಿವಿಲ್ ಕೋರ್ಟು, ತಾಲ್ಲೂಕು ಕಚೇರಿಯಲ್ಲ.

ತೆರಿಗೆಯ ವಿಚಾರ ಚಿಕ್ಕದು. ಆಸ್ತಿಯ ಮೇಲಿನ ಮರಣ ತೆರಿಗೆ 1985ರಲ್ಲೇ ಹೋಯಿತು. ಉಯಿಲಿನಲ್ಲಿ ಕೊಟ್ಟ ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ (80ಜಿ ಎಂದು ರೂಢಿ) ಬರುವುದಿಲ್ಲ. ಅದು ಬೇಕಿದ್ದವರು ಬದುಕಿರುವಾಗಲೇ ಸ್ವಲ್ಪ ಕೊಡಬೇಕು, 2,000 ರೂಪಾಯಿಗಿಂತ ಹೆಚ್ಚಿದ್ದರೆ ನಗದಾಗಿ ಅಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಸಿಗದು. ನಿವೇಶನ, ಷೇರು ಮಾರಿ ಹಣ ಕೊಡುವುದಾದರೆ ಲಾಭದ ತೆರಿಗೆ ಯಾರ ಲೆಕ್ಕಕ್ಕೆ ಬೀಳುತ್ತದೆಂದು ಆಡಿಟರ ಬಳಿ ಮೊದಲೇ ಕೇಳಿ, ಸ್ವತ್ತನ್ನೇ ಕೊಡುವುದೋ ಮಾರಿ ಕೊಡುವುದೋ ಎಂಬ ನಿರ್ಧಾರ ಅದರ ಮೇಲೂ ನಿಂತಿದೆ.

ಕಣ್ಣುದಾನ, ದೇಹದಾನವನ್ನು ಮಾತ್ರ ಉಯಿಲಿನಲ್ಲಿ ಬರೆದು ಸುಮ್ಮನಿರಬೇಡಿ. ಉಯಿಲು ತೆರೆಯುವುದು ತಿಥಿ ಮುಗಿದ ಮೇಲೆ. ಕಣ್ಣು ತೆಗೆಯಬೇಕಾದದ್ದು ಸಾವಿನ ಆರು ಗಂಟೆಯೊಳಗೆ. ಅದಕ್ಕೆ ನೇತ್ರ ಬ್ಯಾಂಕಿನಲ್ಲಿ, ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಪ್ರತ್ಯೇಕ ನಮೂನೆ ಇದೆ. ತುಂಬಿ, ಮನೆಯವರಿಗೆ ಹೇಳಿ, ಫೋನ್ ನಂಬರನ್ನು ಗೋಡೆಗೆ ಅಂಟಿಸಿಡಿ.

ಬರೆದ ಉಯಿಲನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆದು ಓದಿ. ಜಮೀನು ಮಾರಿದಾಗ, ಹೊಸ ಸಾಲ ತೆಗೆದಾಗ, ನಿರ್ವಾಹಕರು ತೀರಿಕೊಂಡಾಗ, ಸಂಸ್ಥೆಯ ಆಡಳಿತ ಕೈ ಬದಲಾದಾಗ ಕಾಯದೆ ಆಗಲೇ ಓದಿ. ಸಣ್ಣ ಬದಲಾವಣೆಯಾದರೆ ಪೂರಕ ಉಯಿಲು ಸಾಕು, ಅದಕ್ಕೂ ಇಬ್ಬರು ಸಾಕ್ಷಿ. ಹೆಚ್ಚಿದ್ದರೆ ಹೊಸದನ್ನೇ ಬರೆಸಿ, ಮೊದಲ ಸಾಲಿನಲ್ಲೇ ಹಿಂದಿನ ತಾರೀಖು, ನೋಂದಣಿ ಸಂಖ್ಯೆ ಹೇಳಿ ಅದನ್ನು ರದ್ದುಪಡಿಸಿದ್ದೇನೆಂದು ಬರೆಯಿರಿ. ಹಳೆಯದು ನೋಂದಣಿಯಾಗಿ ಹೊಸದು ಆಗದಿದ್ದರೂ ಕಾನೂನಿನಲ್ಲಿ ಕೊನೆಯದೇ ನಡೆಯುತ್ತದೆ, ಆದರೆ ಅದನ್ನು ರುಜುವಾತು ಮಾಡುವ ಕಷ್ಟ ಸಂಸ್ಥೆಯ ಪಾಲಿಗೆ ಬೀಳುತ್ತದೆ. ಹಳೆಯದನ್ನು ನೋಂದಾಯಿಸಿದ್ದರೆ ಹೊಸದನ್ನೂ ನೋಂದಾಯಿಸಿ, ಹಳೆಯ ಪ್ಯಾರಾದ ಪ್ರತಿ ಯಾರ ಬಳಿ ಇದೆಯೋ ಅವರಿಗೆ ಹೊಸ ಪತ್ರ ಕಳಿಸಿ.